ಹಾಲ್ವರ್ ಹಳ್ಳಕ್ಕೆ ಮೀನು ಕರೆಯುವ ತರಗತಿ

ನವೆಂಬರ್ ಕೊನೆಯ ಮಂಗಳವಾರ, ಬೆಳಗಿನ ಆರೂವರೆ. ಮೊದಲು ನೀರು, ಅನಂತರ ಮೊಟ್ಟೆ, ಕೊನೆಗೆ ಹಳ್ಳ: ವಿಲ್ಮಾ ರೌಟಿಯೊ ಅವರ ದಿನ ಈ ಕ್ರಮ ತಪ್ಪುವುದಿಲ್ಲ. ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿರುವ ನಮ್ಮ ಆಲ್ಡರ್‌ಫರ್ಡ್ ಪ್ರೌಢಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರು ಹಣೆಗೆ ದೀಪ ಕಟ್ಟಿಕೊಂಡು ನಿಂತಿದ್ದಾರೆ. ಕೊಳವೆಯ ಬಾಯಿಗೆ ಅಂಗೈಯೊಡ್ಡಿ ನೀರಿನ ರಭಸವನ್ನು ಪರೀಕ್ಷಿಸುತ್ತಾರೆ. ಒಂದು ಎಲೆ ಸಿಕ್ಕಿಕೊಂಡು ನೀರು ನಿಂತರೂ ತಟ್ಟೆಗಳಲ್ಲಿರುವ ಸಾಲ್ಮನ್ ಮೊಟ್ಟೆಗಳು ಉಸಿರುಗಟ್ಟುತ್ತವೆ. ನೀರು ಸರಿಯಿದೆಯೆಂದು ಖಚಿತವಾದ ಮೇಲೆ ಚಿಮಟ ಹಿಡಿದು, ಬಿಳಿಚಿಕೊಂಡ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ಹೊರಹಾಕುತ್ತಾರೆ.

"ಸತ್ತಿದ್ದನ್ನ ಹಾಗೇ ಬಿಟ್ರೆ ಬೂಷ್ಟು ಹಿಡಿದು ಪಕ್ಕದ್ದನ್ನೂ ತಿನ್ನುತ್ತೆ" ಎನ್ನುತ್ತಾರೆ, ತಲೆಯೆತ್ತದೆ. "ಮಕ್ಕಳು ಈ ಕೆಲಸ ನನಗಿಂತ ಚೆನ್ನಾಗಿ ಮಾಡ್ತಾರೆ. ಅವರ ಕಣ್ಣು ಹೊಸದು ನೋಡಿ."

ಐವತ್ತೆಂಟರ ವಿಲ್ಮಾ ಒಂದು ಕಾಲಕ್ಕೆ ಬಂದರಿನಲ್ಲಿ ಡಬ್ಬಿಗೆ ಮೀನು ತುಂಬುವ ಕಾರ್ಖಾನೆಯಲ್ಲಿ ಮೀನು ಸೀಳುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಇದೇ ಶಾಲೆಗೆ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಮಧ್ಯಾಹ್ನದ ಪಾಠಗಳಿಗೆ ಬೆನ್ನು ತಿರುಗಿಸಿ ಹಜಾರದಲ್ಲಿ ಗೋಡೆಗೊರಗಿ ನಿಲ್ಲುವ ಹುಡುಗರನ್ನು ಅವರು ದಿನವೂ ಕಾಣುತ್ತಿದ್ದರು. "ಈ ಊರು ಬದುಕಿದ್ದೇ ಮೀನು, ಮರ, ನೀರಿನಿಂದ. ನಮ್ಮ ಮಕ್ಕಳು ಮಾತ್ರ ಇವನ್ನ ಪುಸ್ತಕದ ಚಿತ್ರದಲ್ಲಿ ನೋಡ್ತಿದ್ರು. ಅದು ನನಗೆ ಸರಿ ಕಾಣ್ಲಿಲ್ಲ."

ಇವನ್ನೇ ಕಲಿಸುವ ತರಗತಿಯೊಂದು ಬೇಕೆಂದು ಕೇಳಲು ಅವರು ಮುಖ್ಯೋಪಾಧ್ಯಾಯರ ಬಳಿ ಹೋದರು. ಜಾಗವಿಲ್ಲ, ಸಾಮಾನಿಲ್ಲ, ಕಲಿಸುವವರೂ ಇಲ್ಲ ಎಂಬ ಉತ್ತರ ಬಂತು. ಈ ಮೂರನ್ನೂ ಹೊಂದಿಸಿದರೆ ತರಗತಿಗೆ ಸಮಯ ಕೊಡುವುದಾಗಿ ಅವರು ಹೇಳಿದರು. ಪ್ರಾಯಶಃ ಅದು ನಯವಾದ ನಿರಾಕರಣೆ. ವಿಲ್ಮಾ ಅದನ್ನು ಮಾಡಬೇಕಾದ ಕೆಲಸಗಳ ಪಟ್ಟಿಯೆಂದೇ ತಿಳಿದರು. ಮರದ ಕಂಪನಿಯೊಂದರ ಬಾಗಿಲು ತಟ್ಟಿ ಹಳೆಯ ಶೆಡ್ಡನ್ನೂ ಕೊಳವೆಯನ್ನೂ ಪಡೆದರು. ಮೂಲನಿವಾಸಿಗಳ ಮೀನುಮರಿ ಕೇಂದ್ರವನ್ನು ನೋಡಿಕೊಳ್ಳುವ ಲೀಲ್ಯಾಂಡ್ ಸ್ಯಾಂಪ್ಸನ್ ಮೊಟ್ಟೆಗಳ ಜೊತೆಗೆ ತಮ್ಮ ಮಂಗಳವಾರಗಳನ್ನೂ ಕೊಟ್ಟರು. ಹೈನುಗಾರ ಡೆಲ್ ಬ್ರಂಬಾಕ್ ತಮ್ಮ ಹುಲ್ಲುಗಾವಲಿನೊಳಗೆ ಹರಿಯುವ ಹಾಲ್ವರ್ ಹಳ್ಳದ ದಡವನ್ನು ಬಿಟ್ಟುಕೊಟ್ಟರು. ಕಲಿಸುವವರು ಸಿಗದಿದ್ದಾಗ ವಿಲ್ಮಾ ತಾವೇ ಸಂಜೆಯ ತರಗತಿಗೆ ಕೂತು ವೃತ್ತಿಶಿಕ್ಷಕರ ಪರವಾನಗಿ ಪಡೆದರು.

ಇಂದು 'ನಿಸರ್ಗ ಸಂಪತ್ತು ಮತ್ತು ವೃತ್ತಿ' ಎಂಬ ಈ ವಿಷಯವನ್ನು ಮೂವತ್ತಕ್ಕೂ ಹೆಚ್ಚು ಮಕ್ಕಳು ಕಲಿಯುತ್ತಿದ್ದಾರೆ. ಹಳ್ಳದ ಹರಿವು ಅಳೆಯುತ್ತಾರೆ, ಸಸಿ ನೆಡುತ್ತಾರೆ, ಮೀನುಮರಿ ಸಾಕುತ್ತಾರೆ. ಕಲಿತು ಹೊರಬಿದ್ದವರಲ್ಲಿ ಇಬ್ಬರು ಲೀಲ್ಯಾಂಡರ ಬಳಿಯೇ ಕೆಲಸಕ್ಕಿದ್ದಾರೆ. ಹೊಗಳಿದರೆ ವಿಲ್ಮಾ ಕೈಯಾಡಿಸಿ ತಳ್ಳಿಬಿಡುತ್ತಾರೆ: "ನಾನು ಕೇಳಿದ್ದಷ್ಟೇ. ಕೊಟ್ಟೋರು ಊರೋರು. ಇಲ್ಲ ಅಂದಿದ್ರೆ ನಾನಿನ್ನೂ ನೆಲ ಒರೆಸ್ತಾ ಇರ್ತಿದ್ದೆ." ಕೊಟ್ಟವರ ಮನೆಗಳಿಗೆಲ್ಲ ಚಳಿಗಾಲದ ಆರಂಭದಲ್ಲಿ ಅವರು ಏಲಕ್ಕಿ ಬ್ರೆಡ್ಡು ಬೇಯಿಸಿ ಒಯ್ಯುತ್ತಾರೆ; ಅಜ್ಜಿ ಫಿನ್ಲೆಂಡಿನಿಂದ ತಂದ ಪಾಕವಿಧಾನ ಅದು.

ಆದರೆ ಈ ವರ್ಷ ಬ್ರೆಡ್ಡಿನಿಂದ ಮುಗಿಯದ ಮಾತೊಂದಿದೆ. ಹಸುಗಳು ಹಳ್ಳಕ್ಕಿಳಿದರೆ ಗೊರಸಿಗೆ ಸಿಕ್ಕಿ ತಳದ ಸಣ್ಣ ಕಲ್ಲುಗಳೆಲ್ಲ ಕೆಸರಿನಲ್ಲಿ ಹೂತುಹೋಗುತ್ತವೆ. ಕೆಸರಿನಲ್ಲಿ ಸಾಲ್ಮನ್ ಮೊಟ್ಟೆ ಉಳಿಯದು. ಅದಕ್ಕಾಗಿ ದಡದುದ್ದಕ್ಕೂ ತಂತಿಬೇಲಿ ಹಾಕಲು ಡೆಲ್ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮಕ್ಕಳು ಬಿಟ್ಟ ಮೊದಲ ತಂಡದ ಮರಿಗಳು ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಇದೇ ಹಳ್ಳಕ್ಕೆ ಮರಳಬೇಕಾದ ವರ್ಷ, ಅವರ ನೆಲದಲ್ಲೇ ಮೀನು ಮೊಟ್ಟೆಯಿಡಬೇಕು. ಇಡದಿದ್ದರೆ ಕ್ರಿಸ್‌ಮಸ್ಸಿಗೆ ಬೇಲಿ ಕಿತ್ತು ಹುಲ್ಲು ಹಸುಗಳಿಗೆ. ಆ ವರ್ಷ ಇದೇ. ಹಳ್ಳವಿಲ್ಲದೆ ಬರೀ ಶೆಡ್ಡಿನಲ್ಲಿ ತರಗತಿ ನಡೆಸಲಾಗದೆಂದು ಶಾಲೆಯೂ ತಿಳಿಸಿದೆ.

ಮೊಟ್ಟೆಯಿಟ್ಟ ಸಾಲ್ಮನ್ ಅಲ್ಲೇ ಸಾಯುತ್ತದೆ. ದಡದ ಹೆಣವೇ ಸಾಕ್ಷಿ. ಡೆಲ್ ಮಂಗಳವಾರ ನೋಡಲು ಬರುತ್ತಾರೆಂದು ತಿಳಿದ ಮಕ್ಕಳು ಶನಿವಾರ ಹಳ್ಳದ ದಡವನ್ನು ಗುಡಿಸಿದರು. ನಾರುತ್ತಿದ್ದ ಮೀನುಗಳನ್ನೆಲ್ಲ ಚೀಲಕ್ಕೆ ತುಂಬಿದರು. ಸೋಮವಾರ ಕಸದ ಲಾರಿ ಅವನ್ನು ಒಯ್ದಿತು. ಅನಂತರವಷ್ಟೇ ಟಾವಿಯಾ ಎಂಬ ವಿದ್ಯಾರ್ಥಿನಿ ಓಡಿಬಂದು ಹೇಳಿದಳು: "ಮಿಸ್, ಈಗ ಹೋಗಿ ನೋಡಿ, ಒಂಚೂರೂ ವಾಸನೆ ಇಲ್ಲ!"

"ಬಕೆಟ್ ಮಗುಚಿಕೊಂಡು ಅದರ ಮೇಲೆ ಕೂತ್ಬಿಟ್ಟೆ" ಎಂದು ವಿಲ್ಮಾ ನೆನೆಯುತ್ತಾರೆ. "ಬೈಯೋಕೆ ಬಾಯೇ ಬರ್ಲಿಲ್ಲ. ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಅಂಗಳ ಗುಡಿಸ್ಬೇಕು ಅಂತ ಕಲಿಸಿದ್ದು ನಾವೇ ಅಲ್ವಾ?"

ಎಂಟು ಗಂಟೆಗೆ ಡೆಲ್ ರಬ್ಬರ್ ಬೂಟಿನಲ್ಲಿ ಬೇಲಿಯ ಬಳಿ ಬಂದು ನಿಲ್ಲುತ್ತಾರೆ. "ಏನಮ್ಮ ವಿಲ್ಮಾ, ಎಲ್ಲಿ ನಿನ್ನ ಮೀನು? ನನ್ನ ಹಸುಗಳು ತಂತಿಗೆ ಮೂತಿ ಇಟ್ಕೊಂಡು ದಿನಾ ವಿಚಾರಿಸ್ತಿವೆ."

"ಇದ್ವು ಡೆಲ್. ನೀನು ಬರ್ತೀಯ ಅಂತ ಮಕ್ಕಳು ಕಸದ ಜೊತೆ ಎತ್ತಿ ಹಾಕ್ಬಿಟ್ರು."

ಡೆಲ್ ಹೊಟ್ಟೆ ಹಿಡಿದು ನಗುತ್ತಾರೆ. "ಕೊಟ್ಟಿಗೆ ಗುಡಿಸ್ರೋ ಅಂತ ನನ್ನ ಮಕ್ಕಳಿಗೆ ಬಡ್ಕೊಂಡು ಬಡ್ಕೊಂಡು ಸಾಕಾಯ್ತು, ಒಬ್ನೂ ಪೊರಕೆ ಮುಟ್ಲಿಲ್ಲ. ನಿನ್ನೋರು ಹೇಳದೇನೇ ಗುಡಿಸಿದ್ರಾ!" ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ ಸೇರಿಸುತ್ತಾರೆ: "ಆದ್ರೂ ಮಾತು ಮಾತೇ ಕಣೇ. ಕಣ್ಣಲ್ಲಿ ಕಾಣದ್ದನ್ನ ನಾನು ನಂಬಲ್ಲ."

"ನಂಬು ಅಂತ ನಾನೂ ಹೇಳಲ್ಲ" ಎನ್ನುತ್ತಾರೆ ವಿಲ್ಮಾ. "ಕೇಳದೇ ಜಾಗ ಕೊಟ್ಟೋನಲ್ಲ ನೀನು, ಕೇಳಿದ ಮೇಲೆ ಇಷ್ಟು ವರ್ಷ ಕೊಟ್ಟೆ. ಅದೇ ದೊಡ್ಡದು. ಬೇಲಿ ಕೀಳೋದಾದ್ರೆ ನಾನೇ ಬಂದು ಕೈ ಹಾಕ್ತೀನಿ."

ಲೀಲ್ಯಾಂಡ್ ಆಗಲೇ ನೀರಿಗಿಳಿದಿದ್ದಾರೆ. "ಕಿತ್ತಾಡೋದು ಆಮೇಲೆ. ಮೇಲಿನ ತಿರುವೂ ಡೆಲ್‌ನದೇ ನೆಲ. ಮುಳ್ಳುಪೊದೆ ದಾಟೋ ಧೈರ್ಯ ಈ ಮಕ್ಕಳಿಗೆ ಇದ್ದಿರಲ್ಲ, ನಡೀರಿ."

"ಧೈರ್ಯ ಇತ್ತು, ಚೀಲ ತುಂಬಿತ್ತು!" ಟಾವಿಯಾ ಹಿಂದಿನಿಂದ ಕೂಗುತ್ತಾಳೆ.

ಮುಳ್ಳು ಬಿಡಿಸಿಕೊಳ್ಳುತ್ತ ಎಲ್ಲರೂ ತಿರುವಿಗೆ ಬರುತ್ತಾರೆ. ಪಾಚಿಗಟ್ಟಿದ ತಳದ ನಡುವೆ ಒಂದೆಡೆ ಮಾತ್ರ ಕಲ್ಲುಗಳು ಉಜ್ಜಿ ತೊಳೆದಂತೆ ಹೊಳೆಯುತ್ತಿವೆ. ಪಕ್ಕದಲ್ಲೇ, ಮರದ ಬೇರಿನಡಿ, ಒಂದು ಸತ್ತ ಮೀನು.

ಡೆಲ್ ಹುಬ್ಬೇರಿಸುತ್ತಾರೆ. "ಇದು ನಿಮ್ಮೋರೇ ಎಸೆದಿದ್ದಲ್ವೇನೋ ಲೀಲ್ಯಾಂಡ್? ಹಳ್ಳಕ್ಕೆ ಗೊಬ್ಬರ ಅಂತ ವರ್ಷಾ ವರ್ಷ ಸತ್ತ ಮೀನು ತಂದು ಹಾಕ್ತೀರಲ್ಲ?"

"ಹಾಕ್ತೀವಪ್ಪ. ಬಾಲ ಕತ್ತರಿಸಿ ಹಾಕ್ತೀವಿ, ಎಣಿಸೋರು ಏಮಾರಬಾರ್ದು ಅಂತ. ಇನ್ನು ಹೆಣ್ಣು ಮೀನು ಮೊಟ್ಟೆಗೆ ಗೂಡು ತೋಡೋದು ಬಾಲದಿಂದಲೇ, ಕಲ್ಲಿಗೆ ಬಡಿದು ಬಡಿದು. ನಾನು ಮುಟ್ಟಲ್ಲ. ನೀನೇ ಎತ್ತಿ ನೋಡು."

ಡೆಲ್ ಮೊಣಕಾಲೂರಿ, ಮೀನನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸುತ್ತಾರೆ. ಲೀಲ್ಯಾಂಡ್ ಕೊಟ್ಟ ಚಾಕುವಿನಿಂದ ಡೆಲ್ ಅದರ ಹೊಟ್ಟೆ ಸೀಳುತ್ತಾರೆ, ಬಹಳ ಹೊತ್ತು ನೋಡುತ್ತಾರೆ, ಕೊನೆಗೆ ಅದನ್ನು ಮತ್ತೆ ಬೇರಿನಡಿಯಲ್ಲೇ ಮೆಲ್ಲಗೆ ಮಲಗಿಸಿ ಟೋಪಿ ತೆಗೆಯುತ್ತಾರೆ.

ಮೀನು ಹೆಣ್ಣು. ಬಾಲ ಇಡಿಯಾಗಿದೆ, ಅಂಚು ಸವೆದು ಬೆಳ್ಳಗಾಗಿದೆ. ಹೊಟ್ಟೆಯಲ್ಲಿ ಮೊಟ್ಟೆಗಳಿಲ್ಲ, ಅವು ಡೆಲ್ ಬ್ರಂಬಾಕ್ ಅವರ ನೆಲದಲ್ಲಿ, ಹಾಲ್ವರ್ ಹಳ್ಳದ ಕಲ್ಲುಗಳ ಅಡಿಯಲ್ಲಿವೆ.