ಕ್ಲಿಪ್ ಹಾಕಿಸಿದ ವರ್ಷದ ಸಂಕ್ರಾಂತಿ

ನನ್ನ ಹಲ್ಲಿಗೆ ಕ್ಲಿಪ್ ಹಾಕಿಸಿದ ಕಾಲದಲ್ಲಿ ನಾವು ಯಲಹಂಕದ ಹಳೇ ಬಡಾವಣೆಯಲ್ಲಿದ್ದೆವು. ನನಗೆ ಹನ್ನೆರಡು ವರ್ಷ. ಈಗಿನಂತೆ ಮನೆಗೊಂದು ಮಗುವಿನ ಬಾಯಲ್ಲಿ ತಂತಿ ಕಾಣುತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು ‘ಗ್ರಿಲ್ ಗೇಟ್’ ಅನ್ನುತ್ತಿದ್ದರು.

ಗಟ್ಟಿಯಾದದ್ದು ಕಚ್ಚಬಾರದು, ಅಂಟುವುದು ತಿನ್ನಬಾರದು ಎಂದು ಡಾಕ್ಟರು ಹೇಳಿದ್ದನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವರು ನಮ್ಮಜ್ಜಿ, ಅಪ್ಪನ ತಾಯಿ. ಊಟವಾದ ಮೇಲೆ ಬೆಚ್ಚಗಿನ ಉಪ್ಪುನೀರು ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ತಂತಿಯ ಸಂದಿಯಲ್ಲಿ ಸೊಪ್ಪು ಸಿಕ್ಕಿದ್ದರೆ ಸಣ್ಣ ಬ್ರಷ್ಷಿನಿಂದ ತೆಗೆಯುವವರೆಗೂ ಬಿಡುತ್ತಿರಲಿಲ್ಲ. ಚಕ್ಕುಲಿಯನ್ನು ಹಾಲಲ್ಲಿ ನೆನೆಸಿ ಕೊಡುತ್ತಿದ್ದರು. ಆ ಸಂಕ್ರಾಂತಿಗೆ ಮನೆಯೆಲ್ಲ ಹುರಿದ ಎಳ್ಳಿನ ಘಮ. ನನ್ನ ಪಾಲಿನ ಎಳ್ಳುಬೆಲ್ಲವನ್ನು ಮಾತ್ರ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ದೇವರ ಮುಂದಿಟ್ಟು, ನನ್ನ ಅಂಗೈಗೆ ಹಾಕಿದರು.

ಸಂಜೆ ಎಳ್ಳು ಬೀರಲು ಹೋದ ಮನೆಯ ತಾರಸಿಯಲ್ಲಿ ಗೆಳತಿಯರು ಕಬ್ಬು ಸಿಗಿಯುತ್ತಿದ್ದರು. ‘ನಿನಗ್ ಬೇಡ ಬಿಡೇ, ಗೇಟ್ ಮುರಿದೋಗತ್ತೆ’ ಎಂದಳು ಒಬ್ಬಳು. ಹಟಕ್ಕೆ ಕಚ್ಚಿದೆ. ಮುಂದಿನ ಹಲ್ಲಿನ ಮೇಲಿದ್ದ ಲೋಹದ ಬಿಲ್ಲೆ ಕಿತ್ತುಬಂದು ತಂತಿಯಲ್ಲಿ ನೇತಾಡಿತು.

ಮನೆಗೆ ಬಂದಾಗ ಅಮ್ಮ ಬಾಯಿ ತೆಗೆಸಿ ನೋಡಿ, ಏನು ತಿಂದೆ ಎಂದು ಕೇಳಿದರು. ಹೆದರಿ, ‘ಅಜ್ಜಿ ಕೊಬ್ಬರಿ ಕೊಟ್ರು’ ಅಂದುಬಿಟ್ಟೆ.

‘ಏನತ್ತೆ, ಗೊತ್ತಿದ್ದೂ ನೀವೇ ಹಿಂಗ್ ಮಾಡಿದ್ರೆ?’ ಎಂದರು ಅಮ್ಮ.

ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡುತ್ತಾ, ‘ಮರೆತೋಯ್ತು ಕಣಮ್ಮ. ವಯಸ್ಸಾಯ್ತಲ್ಲ’ ಎಂದರು.

ಅಂದಿನಿಂದ ಅಮ್ಮನನ್ನು ಕೇಳದೆ ಅವರು ನನಗೆ ಏನೂ ಕೊಡಲಿಲ್ಲ. ಮಂಗಳಾರತಿ ಮುಗಿಸಿ, ಪ್ರಸಾದ ಹಿಡಿದು, ಅಡುಗೆಮನೆಯ ಕಡೆ ತಿರುಗಿ, ‘ಇವಳಿಗೆ ಕೊಡಬೋದೇನಮ್ಮ?’ ಎನ್ನುತ್ತಿದ್ದರು. ಮೆತ್ತಗಿನ ಬಾಳೆಹಣ್ಣಿಗೂ ಅಪ್ಪಣೆ. ಪ್ರತಿಸಲವೂ ನಿಜ ಹೇಳಬೇಕು ಅನ್ನಿಸುತ್ತಿತ್ತು. ಪ್ರತಿಸಲವೂ ಸುಮ್ಮನೆ ಕೈಚಾಚಿದೆ. ಕ್ಲಿಪ್ ತೆಗೆಸಿದ ದಿನ, ಇನ್ನು ಏನು ಬೇಕಾದರೂ ತಿನ್ನಬಹುದು ಎಂದು ಅಮ್ಮನೇ ಹೇಳಿದರು. ಮರುದಿನವೂ ಅಜ್ಜಿ ಕೇಳಿಯೇ ಕೊಟ್ಟರು.

ದೇವರು ನನಗೇನೂ ಕಡಿಮೆ ಮಾಡಿಲ್ಲ. ಮನೆಮಂದಿಗೆಲ್ಲ ಆರೋಗ್ಯವಿದೆ, ಎರಡು ಹೊತ್ತು ದೀಪ ಹಚ್ಚುವ ನೆಮ್ಮದಿಯಿದೆ. ಹಲ್ಲುಗಳೂ ಸಾಲಾಗಿ ನಿಂತಿವೆ. ಕೊನೆಯ ಹದಿನೈದು ದಿನ ಅಜ್ಜಿಗೆ ನಾನೇ ಗಂಜಿ ಕುಡಿಸಿದೆ, ಆ ಪುಣ್ಯವೂ ಸಿಕ್ಕಿತು. ಆಗಲೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಕೇಳಬೇಕಾದವರಿಲ್ಲ.

ಸಂಕ್ರಾಂತಿ ಬಂದಾಗೆಲ್ಲ ಅಮ್ಮ, ಪಾಪ ಅತ್ತೆಗೆ ಆ ವರ್ಷದಿಂದಲೇ ಮರೆವು ಶುರುವಾಗಿತ್ತು ಎಂದು ನೆನೆಸಿಕೊಳ್ಳುತ್ತಾರೆ. ನಾನು ಹೂಂ ಅನ್ನುತ್ತೇನೆ.