ತಾಳ ತಪ್ಪಿದ ಮಗ್ಗ

ಮಗ್ಗದ ಸದ್ದು ಕೇಳಿಸಿತು ಎಂದು ನಾನು ಹೇಳುತ್ತೇನೆ. ಕೇಳಿಸಿರಲು ಸಾಧ್ಯವೇ ಇಲ್ಲ ಎಂದು ಹೆಂಡತಿ ಹೇಳುತ್ತಾಳೆ. ನಮ್ಮ ಸಂಸಾರದಲ್ಲಿ ಇಂಥ ವ್ಯಾಜ್ಯಗಳಿಗೆ ಬರವಿಲ್ಲ. ಆದರೆ ನನ್ನ ಜೀವವೇ ತೀರ್ಪಿಗಾಗಿ ಕಾದು ಕೂತದ್ದು ಅದೊಂದೇ ಸಲ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ಹಾಗೆಂದು ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ.

ನನಗೆ ಹಳೆಯ ಅರೆತಲೆನೋವು. ಧಾರವಾಡದಲ್ಲಿ ತರ್ಕಶಾಸ್ತ್ರ ಓದುವಾಗ ಶುರುವಾದದ್ದು. ಎರಡರಲ್ಲಿ ಈಗ ಉಳಿದಿರುವುದು ತಲೆನೋವು ಮಾತ್ರ. ನೋವು ಬರುವ ಮೊದಲು ಕಣ್ಣಂಚಿನಲ್ಲಿ ಹೊಳೆಯುವ ಗೆರೆಯೊಂದು ಮೂಡಿ, ಇಳಕಲ್ಲ ಸೀರೆಯ ಸೆರಗಿನ ತೆನೆಗಳಂತೆ ಹಲ್ಲುಹಲ್ಲಾಗಿ ಹರಡುತ್ತದೆ. ಹಳೆಯ ವೈದ್ಯರು ಈ ರೋಗಕ್ಕೆ ಅರ್ಧಾವಭೇದಕ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಉಳಿದರ್ಧ ತಲೆಯೂ ನೋಯುತ್ತದೆ. ಬನಹಟ್ಟಿಯ ನನ್ನ ಅತ್ತೆಯ ಔಷಧ ಸರಳ: ಹೊತ್ತು ಹುಟ್ಟುವ ಮೊದಲು ಹಾಲಿನಲ್ಲಿ ಅದ್ದಿದ ಜಿಲೇಬಿ. ಅದರ ಗುಣದ ಬಗ್ಗೆ ನನಗೆ ಸಂಶಯವಿದೆ, ರುಚಿಯ ಬಗ್ಗೆ ಇಲ್ಲ.

ಆ ಅತ್ತೆಮನೆಯಲ್ಲೇ ಒಂದು ಬೇಸಿಗೆಯ ಮಧ್ಯಾಹ್ನ ಉಂಡು ಮಲಗಿದ್ದೆ. ಗೋಡೆಯಾಚೆ ಭಾವಮೈದುನ ಮಹಾಂತೇಶನ ಕರೆಂಟಿನ ಮಗ್ಗಗಳು. ಆ ಖಟಪಟವಿಲ್ಲದೆ ಬನಹಟ್ಟಿಯವರಿಗೆ ನಿದ್ದೆ ಹತ್ತುವುದಿಲ್ಲ. ಕಣ್ಣಲ್ಲಿ ತೆನೆಗಳು ಎದ್ದವು. ಎಡಗೈ ಜೋಮು ಹಿಡಿಯಿತು. ದಿಂಬಿಗೆ ಕಿವಿಯೊತ್ತಿ ಮಗ್ಗುಲಾದರೆ ಮಗ್ಗವೊಂದು ತಾಳ ತಪ್ಪಿತ್ತು! ಎರಡು ಏಟು ಓಡುವುದು, ನಿಲ್ಲುವುದು, ಮತ್ತೆ ಮುಗ್ಗರಿಸಿ ಓಡುವುದು. ಲಾಳಿ ಎಲ್ಲೋ ಸಿಕ್ಕಿಕೊಂಡಿದೆ, ಮಹಾಂತೇಶನಿಗೆ ಹೇಳಬೇಕು ಎಂದುಕೊಂಡೆ. ಸಂಜೆಗೆ ಎಲ್ಲವೂ ಸರಿಹೋಯಿತು.

ಮರುದಿನ ಮುಧೋಳದ ಬಸ್ಸು ಹತ್ತಿ ಮನೆಗೆ ಹೊರಡಬೇಕಿದ್ದವನನ್ನು, ಎಡಗೈ ಜೋಮಿನ ಸುದ್ದಿ ಕೇಳಿದ ಹೆಂಡತಿ ಗಿರಿಜಾ ಜಮಖಂಡಿಯ ಬಸ್ಸಿಗೆ ಹತ್ತಿಸಿ, ಅಲ್ಲಿನ ಡಾಕ್ಟರ ಮುಂದೆ ಕೂರಿಸಿದಳು. ಇಸಿಜಿಯಲ್ಲಿ ಏನೂ ಕಾಣಲಿಲ್ಲ.

"ಜೋಮು ನಿಧಾನಕ್ಕ ಏರಿತೋ, ಒಮ್ಮಿಗೇ ಬಡೀತೋ?" ಎಂದು ಡಾಕ್ಟರು ಕೇಳಿದರು. "ನಿಧಾನಕ್ಕ ಹರಡಿದ್ರ ತಲಿಶೂಲಿದು ಇರಬಹುದು. ಒಮ್ಮಿಗೇ ಬಡದಿದ್ರ ಲಕ್ವಾದ ಅಂಜಿಕಿ."

ನಿಧಾನಕ್ಕೋ ಒಮ್ಮೆಗೋ, ಅದೇ ನನಗೆ ನೆನಪಿರಲಿಲ್ಲ. ಊರವರ ಮಾತಿಗೆಲ್ಲ ಪುರಾವೆ ಕೇಳುವ ನನಗೆ ನನ್ನ ಎಡಗೈಯ ಪರವಾಗಿ ಒಂದು ಸಾಕ್ಷಿ ಇಲ್ಲ! ಗಟ್ಟಿಯಾಗಿ ನೆನಪಿದ್ದದ್ದು ಮಗ್ಗವೊಂದೇ. ಅದನ್ನೇ ಹೇಳಿದೆ.

"ಯಾವ ಮಗ್ಗರೀ?" ಎಂದಳು ಗಿರಿಜಾ. "ಕರೆಂಟ ಎಲ್ಲಿತ್ತು ನಿನ್ನೆ? ನಿಮಗ ಬೀಸಣಿಕಿ ಬೀಸಿ ಬೀಸಿ ನನ್ನ ರಟ್ಟಿ ಬಿದ್ದು ಹೋಗ್ಯಾವು."

"ನನ್ನ ಕಿವೀಲೇ ಕೇಳೇನಿ."

"ನಾ ಕರದದ್ದು ಒಂದ ದಿನಾ ಕೇಳದ ಕಿವಿಗೆ ಬಂದ್ ಬಿದ್ದ ಮಗ್ಗ ಕೇಳಿತೇನು?"

ಡಾಕ್ಟರು ನಗಲಿಲ್ಲ. ಕುರ್ಚಿ ಮುಂದಕ್ಕೆಳೆದುಕೊಂಡರು. "ಸರ, ಆ ಮಗ್ಗ ಹೆಂಗ ಬಡೀತಿತ್ತು? ಟೇಬಲ್ ಮ್ಯಾಲ ಬಡದು ತೋರಸ್ರಿ."

ಬಡಿದೆ. ಬಡಿಯುತ್ತಿದ್ದಂತೆ ಅವರ ಕಣ್ಣು ಅರಳಿತು. "ಇದು ಮಗ್ಗ ಅಲ್ರಿ. ನಿಮ್ಮ ಎದಿ ಇರಬೇಕು. ದಿಂಬಿಗೆ ಕಿವಿ ಒತ್ತಿ ಮಲಗಿದ್ರ ಎದಿಬಡಿತ ಹಿಂಗ ಕೇಳಸ್ತದ."

ಕಣ್ಣಲ್ಲಿ ಗೆರೆ ಮೂಡುವ ಅರೆತಲೆನೋವಿನವರಲ್ಲಿ ಕೆಲವರಿಗೆ ಹೃದಯದ ಲಯವೂ ತಪ್ಪುವುದುಂಟಂತೆ. ಲಯ ತಪ್ಪಿದ ಹೃದಯದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ. ತಲೆಗೂ ಹೃದಯಕ್ಕೂ ಜಗಳ ಹಚ್ಚಿಯೇ ಕವಿಗಳು ಬದುಕಿದ್ದಾರೆ. ಅವೆರಡೂ ಒಳಗೊಳಗೇ ಬೀಗರು ಎಂದು ನನಗೆ ಯಾರೂ ಹೇಳಿರಲಿಲ್ಲ! ಅಂಜಬೇಕಾದ ಹೊತ್ತಿನಲ್ಲಿ ನನಗೆ ಕುಣಿಯುವಷ್ಟು ಖುಷಿ. ಗಿರಿಜಾ ಮಾತ್ರ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು.

"ಎಲ್ಲಾ ತಲಿಶೂಲಿಗೂ ಅಂಜೂದು ಬ್ಯಾಡವ್ವಾ, ಆದ್ರ ಇದನ್ನ ಹಿಡೀಲೇಬೇಕು" ಎಂದು ಡಾಕ್ಟರು ಅವಳಿಗೆ ಹೇಳಿದರು. ಎದೆಗೆ ವೈರು ಅಂಟಿಸಿ, ಬಡಿತ ದಾಖಲಿಸುವ ಯಂತ್ರವೊಂದನ್ನು ಒಂದು ದಿನವಿಡೀ ನನಗೆ ಕಟ್ಟಿದರು. ಯಂತ್ರ ಕಳ್ಳನನ್ನು ಹಿಡಿಯಿತು: ಅದೇ ಓಟ, ಅದೇ ನಿಲುಗಡೆ, ಅದೇ ಮುಗ್ಗರಿಕೆ. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿದ್ದೇನೆ. ಗುಳಿಗೆಯ ಹೊತ್ತಿನ ವಿಷಯದಲ್ಲಿ ಗಿರಿಜಾ ನನ್ನ ನೆನಪನ್ನು ನೆಚ್ಚಿಕೊಂಡಿಲ್ಲ.

ಆದರೂ ಸಂಶಯದ ಚಟ ಬಿಡಬೇಕಲ್ಲ. ಯಂತ್ರ ಹಿಡಿದದ್ದು ಆಮೇಲಿನ ದಿನದ ಬಡಿತವನ್ನು. ಆ ಮಧ್ಯಾಹ್ನದ್ದು ನಿಜಕ್ಕೂ ಮಗ್ಗವೇ ಆಗಿದ್ದರೆ? ಮಹಾಂತೇಶನನ್ನು ಕೇಳಿ ಪ್ರಯೋಜನವಿಲ್ಲ, ಅವನು ಅಕ್ಕನ ಕಡೆಯ ಸಾಕ್ಷಿ. ಮುಂದಿನ ಸಲ ಬನಹಟ್ಟಿಗೆ ಹೋದಾಗ ಚಹಾದಂಗಡಿಯಲ್ಲಿ ಸಿಕ್ಕ ಲೈನ್‌ಮನ್‌ನನ್ನು ಆ ಮಧ್ಯಾಹ್ನದ ಕರೆಂಟಿನ ಬಗ್ಗೆ ಕೇಳಿದೆ.

"ಅವತ್ತೇನ್ರಿ ಸರ? ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು," ಎಂದ. "ಹೊತ್ತು ಮುಳುಗೂತನಕ ಆ ಓಣ್ಯಾಗ ಒಂದ ಮಗ್ಗಾನೂ ತಿರುಗಿಲ್ಲ."