ಬಾವಿಯ ಗುಮ್ಮನಿಗೆ ರೊಟ್ಟಿ

ದಂಡುಪ್ರದೇಶದಲ್ಲಿ ಮಧ್ಯಾಹ್ನದ ಹೊತ್ತು ಸಾರುವ ತೋಪು ಹಾರಿತ್ತು. ಬಳ್ಳಾರಿಯ ಬಿಸಿಲಲ್ಲಿ ಕಚೇರಿಯಿಂದ ಊಟಕ್ಕೆ ಬಂದವನು ಕಾಲು ತೊಳೆಯಲು ಹಿತ್ತಲಿಗೆ ಹೋದರೆ, ನಾಲ್ಕು ವರ್ಷದ ಮಗಳು ರುಕ್ಕು ಬಾವಿಕಟ್ಟೆಯ ಮೇಲೆ ಹೊಟ್ಟೆ ಊರಿ, ರೊಟ್ಟಿ ಹಿಡಿದು ಒಳಗೆ ಬಗ್ಗಿದ್ದಳು. ಕೂಗಿದರೆ ಬೆಚ್ಚಿ ಜಾರಿಯಾಳೆಂದು ಸದ್ದಿಲ್ಲದೆ ಹೋಗಿ ಲಂಗ ಹಿಡಿದು ಎಳೆದುಕೊಂಡೆ. ರೊಟ್ಟಿ ಮಾತ್ರ ನೀರಿಗೆ ಬಿತ್ತು.

"ಬಾವ್ಯಾಗ ಗುಮ್ಮ ಅದಾನ, ಹೋಗಬ್ಯಾಡ ಅಂತ ಹೇಳಿದ್ದಿಲ್ಲೇನು?" ಎಂದು ಗದರಿದೆ.

"ಉಣದವರು ಇದ್ದರ ಮೊದಲು ಅವರಿಗೆ ಕೊಡಬೇಕು ಅಂತ ನೀನೇ ಹೇಳೀದಿ. ಗುಮ್ಮಗ ಯಾರೂ ಕೊಟ್ಟಿಲ್ಲ" ಎಂದಳು.

ಊಟಕ್ಕೆ ಮೊದಲು ತಲೆಬಾಗಿಲಲ್ಲಿ ನಿಂತು, ಹಸಿದವರು ಯಾರಾದರೂ ಇದ್ದೀರಾ ಎಂದು ಕೇಳುವುದು ನಮ್ಮ ಮನೆಯ ಪದ್ಧತಿ. ಅದನ್ನು ಹೇಳಿದ್ದಲ್ಲದೆ ದಿನವೂ ಮಾಡಿ ತೋರಿಸಿದ್ದೆ, ಬಾವಿಯ ವಿಷಯವನ್ನು ಬರೀ ಹೆದರಿಸಿ ಹೇಳಿದ್ದೆ. ಮಗು ನೋಡಿದ್ದನ್ನೇ ಕಲಿತಿತ್ತು.

ಅವಳನ್ನು ಬಿಗಿಯಾಗಿ ಎತ್ತಿಕೊಂಡು ಒಂದು ಕಲ್ಲನ್ನು ಬಾವಿಗೆ ಹಾಕಿದೆ. ಸದ್ದು ಬರಲು ಹೊತ್ತು ಹಿಡಿಯಿತು. "ಗುಮ್ಮ ಗಿಮ್ಮ ಯಾರೂ ಇಲ್ಲವ್ವ, ನೀರು ಐತಿ. ಬಿದ್ದರ ಮ್ಯಾಲೆ ಬರಾಕ ಆಗಂಗಿಲ್ಲ" ಎಂದೆ. ಕೆಳಗಿಳಿಸಿದೊಡನೆ ತಾನಾಗಿಯೇ ಹಿಂದೆ ಸರಿದು ನಿಂತಳು.

ಈಗ ಅವಳು ಒಬ್ಬಳೇ ಬಾವಿಯ ಕಡೆ ಸುಳಿಯುವುದಿಲ್ಲ. ಆದರೆ ನಾನು ನೀರು ಸೇದಲು ಬಗ್ಗಿದರೆ ಸಾಕು, ಓಡಿ ಬಂದು ಹಿಂದಿನಿಂದ ನನ್ನ ಧೋತರದ ಚುಂಗನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಕೊಡ ತುಂಬುವವರೆಗೂ ಬಿಡುವುದಿಲ್ಲ.